ದೊಡ್ಡವರು, ದೊಡ್ಡವು, ದೊಡ್ಡದು: ಡಚ್ ಗುಣವಾಚಕವನ್ನು ನಾಮಪದವಾಗಿ ಬಳಸುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಡಚ್ ಕಲಿಯುವವರ ಕೈಗೆ ಸಿಗುವ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಬೇರೆ ಅಧ್ಯಾಯಗಳಿಗೆ ಅದರಿಂದ ತೊಂದರೆಯೇನಿಲ್ಲ. ಆದರೆ ಗುಣವಾಚಕವನ್ನು ನಾಮಪದವಾಗಿ ಬಳಸುವ ಅಧ್ಯಾಯಕ್ಕೆ ಬಂದಾಗ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದ ನೇರವಾಗಿ ಹೋಗುವುದೇ ಸರಿ. ಇಂಗ್ಲಿಷಿನಲ್ಲಿ ‘ದಿ ಸಿಕ್’ ಎಂದರೆ ಕಾಯಿಲೆಯವರೆಲ್ಲ ಎಂದರ್ಥ. ಒಬ್ಬನೇ ಇದ್ದರೆ ಹಾಗೆ ಹೇಳಲು ಬರುವುದಿಲ್ಲ, ‘ಪರ್ಸನ್’ ಎಂದೇನೋ ಒಂದು ಸೇರಿಸಬೇಕು. ವಸ್ತುವಾದರೆ ‘ಒನ್’ ಎಂಬ ಊರುಗೋಲು ಬೇಕು: ‘ದಿ ರೆಡ್ ಒನ್’. ಕನ್ನಡಕ್ಕೆ ಇವೆರಡೂ ಬೇಕಿಲ್ಲ. ‘ದೊಡ್ಡ’ ಎಂಬುದಕ್ಕೆ ಬಾಲ ಹಚ್ಚಿದರೆ ದೊಡ್ಡವನು, ದೊಡ್ಡವಳು, ದೊಡ್ಡವರು, ದೊಡ್ಡದು, ದೊಡ್ಡವು ಎಲ್ಲ ಸಿದ್ಧ. ಡಚ್ ಮಾಡುವುದೂ ಇದನ್ನೇ. ಬಾಲಗಳ ಸಂಖ್ಯೆ ನಮಗಿಂತ ಕಡಿಮೆ, ಅಷ್ಟೇ.

ಇಲ್ಲಿನ ಡಚ್ ಪದಗಳನ್ನು ಓದುವ ಬಗೆ ಹೀಗೆ. ‘ಖ’ ಬಂದ ಕಡೆ ಗಂಟಲು ಕೆರೆದು ಹೇಳುವ ಸದ್ದು. ‘ಜ’ ಬಂದ ಕಡೆ ಜೇನಿನ ‘ಜ’ ಅಲ್ಲ, ಮೃಗಾಲಯಕ್ಕೆ ‘ಜೂ’ ಎನ್ನುವಾಗಿನ ಸದ್ದು. ‘ತ’, ‘ದ’ಗಳನ್ನು ಒತ್ತದೆ ಹೇಳಿ. ಕೊನೆಯ ‘ಎ’ ಬರಹದಲ್ಲಿ ಎ, ಬಾಯಲ್ಲಿ ‘ಅ’ಗೆ ಹತ್ತಿರ. ‘ಒಂದು, ಒಬ್ಬ’ ಎನ್ನುವ ಪದವನ್ನು ‘ಅನ್’ ಎಂದೂ, ‘ಮತ್ತು’ ಎನ್ನುವುದನ್ನು ‘ಎನ್’ ಎಂದೂ ಬರೆದಿದೆ. ಪದದ ಕೊನೆಯ ‘ನ್’ ಅನ್ನು ಬರಹಕ್ಕೆ ತಕ್ಕಂತೆ ಎಲ್ಲೂ ಬಿಟ್ಟಿಲ್ಲ. ಮಾತಿನಲ್ಲಿ ಅದು ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಮೊದಲು ‘ಎ’ ಬಾಲ

ಡಚ್ ನಾಮಪದಗಳಲ್ಲಿ ಎರಡು ಗುಂಪು: ‘ದೆ’ ಗುಂಪು, ‘ಹೆತ್’ ಗುಂಪು. ಎರಡೂ ಇಂಗ್ಲಿಷಿನ ‘ದಿ’ ಇದ್ದಂತೆ. ಟೊಮ್ಯಾಟೊ ‘ದೆ ತೊಮಾತ್’, ಪುಸ್ತಕ ‘ಹೆತ್ ಬೂಕ್’. ನಾಮಪದಕ್ಕೆ ಮೊದಲು ಬರುವ ಗುಣವಾಚಕಕ್ಕೆ ಸಾಮಾನ್ಯವಾಗಿ ‘ಎ’ ಸೇರುತ್ತದೆ: ‘ದೆ ರೋದೆ ತೊಮಾತ್’ (ಕೆಂಪು ಟೊಮ್ಯಾಟೊ), ‘ಹೆತ್ ದಿಕ್ಕೆ ಬೂಕ್’ (ದಪ್ಪ ಪುಸ್ತಕ), ‘ದಿಕ್ಕೆ ಬೂಕೆನ್’ (ದಪ್ಪ ಪುಸ್ತಕಗಳು). ಸೇರದಿರುವುದು ಮುಖ್ಯವಾಗಿ ಒಂದು ಕಡೆ: ಹೆತ್ ಗುಂಪಿನ ಪದ, ಏಕವಚನ, ಮೊದಲಿಗೆ ‘ಅನ್’ ಇದ್ದಾಗ. ‘ಅನ್ ದಿಕ್ ಬೂಕ್.’

ಬಾಲ ಸೇರಿದಾಗ ಬರಹ ಬದಲಾಗುವುದನ್ನು ಈಗಲೇ ಕೈಗೆ ರೂಢಿ ಮಾಡಿಸಿ. ‘ರೋತ್’ ಅಂದರೆ ಕೆಂಪು. ಬರೆಯುವಾಗ ಎರಡು ಓ, ಕೊನೆಗೆ ದ್ ಅಕ್ಷರ. ಪದದ ಕೊನೆಯಲ್ಲಿರುವುದರಿಂದ ಅದು ತ್ ಎಂದು ಕೇಳಿಸುತ್ತದೆ. ‘ರೋದೆ’ ಆದಾಗ ಓ ಒಂದೇ ಸಾಕು, ದ್ ತನ್ನ ಸದ್ದಿಗೆ ಮರಳುತ್ತದೆ. ‘ದಿಕ್’, ‘ವಿತ್’ (ಬಿಳಿ) ಥರದ ಗಿಡ್ಡ ಸ್ವರದವುಗಳಲ್ಲಿ ಕೊನೆಯ ವ್ಯಂಜನ ಇಮ್ಮಡಿಸುತ್ತದೆ: ದಿಕ್ಕೆ, ವಿತ್ತೆ. ‘ದೋಫ್’ (ಕಿವುಡು) ‘ದೋವೆ’ ಆಗುತ್ತದೆ, ‘ಖ್ರೆಯ್ಸ್’ (ಬೂದು ಬಣ್ಣ) ‘ಖ್ರೆಯ್ಜೆ’ ಆಗುತ್ತದೆ. ಈ ಅಧ್ಯಾಯದಲ್ಲಿ ಕಳೆದುಹೋಗುವ ಅಂಕಗಳಲ್ಲಿ ಒಳ್ಳೆ ಪಾಲು ವ್ಯಾಕರಣದ್ದಲ್ಲ, ಈ ಕಾಗುಣಿತದ್ದು.

ಹೆಸರು ಬಿಟ್ಟು ಬಣ್ಣ ಹೇಳುವುದು

ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸುಗಳ ಸಾಲಿನ ಮುಂದೆ ನಿಂತವರು ‘ಟೊಮ್ಯಾಟೊ’ ಎಂಬ ಪದವನ್ನು ಬಾಯಿಗೆ ತರುವುದು ಕಡಿಮೆ. ‘ಕೆಂಪಂದು ಇಲ್ಲಿಡು, ಹಸಿರಂದು ದೂರಕ್ಕೆ ಹೋಗ್ತದೆ’ ಅಂದರೆ ಮುಗಿಯಿತು. ಏನು ಎಂಬುದು ಕಣ್ಣೆದುರಿಗಿದೆ, ಹೇಳಬೇಕಾದ್ದು ಯಾವುದು ಎಂಬುದಷ್ಟೇ. ಡಚ್‌ನಲ್ಲೂ ನಾಮಪದವನ್ನು ಹಾಗೇ ಎತ್ತಿಬಿಡಿ. ಉಳಿದದ್ದು ಇದ್ದ ಜಾಗದಲ್ಲೇ ಇರಲಿ.

‘ವೆಲ್ಕೆ ತೊಮಾತೆನ್ ವಿಲ್ತ್ ಯೂ?’ ಯಾವ ಟೊಮ್ಯಾಟೊ ಬೇಕು ನಿಮಗೆ? ‘ದೆ ರೋದೆ.’ ಕೆಂಪಗಿರುವವು. ‘ಇಕ್ ವಿಲ್ ದೆ ರೋದೆ, ನೀತ್ ದೆ ಖ್ರೂನೆ.’ ಕೆಂಪಿನವು ಬೇಕು, ಹಸಿರಿನವಲ್ಲ.

ಇಂಗ್ಲಿಷ್ ಮೂಲಕ ಬಂದವರ ಮೊದಲ ತಪ್ಪು ಇಲ್ಲೇ. ‘ದಿ ರೆಡ್ ಒನ್’ ತಲೆಯಲ್ಲಿ ಕುಳಿತಿರುವುದರಿಂದ ‘ದೆ ರೋದೆ’ ಆದ ಮೇಲೆ ಡಚ್‌ನ ‘ಒಂದು’ ಎಂಬ ಪದವನ್ನು ತಂದು ಅಂಟಿಸುತ್ತಾರೆ. ಕೇಳುವವರಿಗೆ ಅದು ಅರ್ಥವೇ ಆಗುವುದಿಲ್ಲ. ‘ಕೆಂಪುದು ಒಂದು’ ಎಂದು ಕನ್ನಡದಲ್ಲಿ ಹೇಳಿದರೆ ಹೇಗೆ ತೊಡರುತ್ತದೋ ಹಾಗೆ.

ಗಮನವಿಡಬೇಕಾದ್ದು ಎರಡು. ಎತ್ತಿಹಾಕಿದ ಪದ ಯಾವ ಗುಂಪಿನದೋ ಅದೇ ಗುಂಪಿನ ‘ದೆ’ ಅಥವಾ ‘ಹೆತ್’ ಉಳಿಯಬೇಕು. ಮಾತು ಪುಸ್ತಕದ್ದಾದರೆ ದಪ್ಪನೆಯದು ‘ಹೆತ್ ದಿಕ್ಕೆ’. ಟೊಮ್ಯಾಟೊದ್ದಾದರೆ ‘ದೆ ದಿಕ್ಕೆ’. ಪದ ಕಣ್ಣಿಗೆ ಕಾಣದಿದ್ದರೂ ಅದರ ಗುಂಪು ಕಾಣಬೇಕು. ಎರಡನೆಯದು, ಹೆತ್ ಗುಂಪಿನ ಪದಕ್ಕೆ ‘ಅನ್’ ಇದ್ದರೆ ಮೂಲದಲ್ಲಿ ಬಾಲವಿಲ್ಲ, ಹಾಗಾಗಿ ನಾಮಪದ ಎತ್ತಿದ ಮೇಲೂ ಇಲ್ಲ: ‘ಅನ್ ಖ್ರೋತ್ ಖ್ಲಾಸ್ ಒಫ್ ಅನ್ ಕ್ಲೆಯ್ನ್?’ ದೊಡ್ಡ ಲೋಟವೋ, ಚಿಕ್ಕದೋ? ಮಾತಿನಲ್ಲಿ ‘ಅನ್ ಕ್ಲೆಯ್ನೆ’ ಎನ್ನುವುದೂ ಕಿವಿಗೆ ಬೀಳುತ್ತದೆ. ಬರೆಯುವಾಗ ಬಾಲ ಬಿಡಿ.

ಬಹುವಚನ ಬಂದರೂ ವಸ್ತುಗಳಿಗೆ ಬಾಲ ‘ಎ’ ಮಾತ್ರ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹಳದಿ ಗೂಡು, ಬಿಳಿ ಗೂಡು ಬೇರೆ ಬೇರೆ ಲಾಟಿನಲ್ಲಿರುತ್ತವೆ. ರೇಷ್ಮೆಗೂಡಿಗೆ ಡಚ್‌ನಲ್ಲಿ ‘ದೆ ಕೊಕೊನ್’. ಹಳದಿಯದು ‘ದೆ ಖೇಲೆ’, ಬಿಳಿಯದು ‘ದೆ ವಿತ್ತೆ’. ಒಂದು ಗೂಡು ಕೈಯಲ್ಲಿದ್ದರೂ ‘ದೆ ವಿತ್ತೆ’, ಒಂದು ಇಡೀ ಲಾಟ್ ತೋರಿಸಿದರೂ ‘ದೆ ವಿತ್ತೆ’. ಒಂದೋ ಹಲವೋ ಎಂಬುದನ್ನು ಕ್ರಿಯಾಪದ ಹೇಳುತ್ತದೆ. ಪ್ರಾಣಿಗಳಿಗೂ ಇದೇ ನಿಯಮ: ಕಪ್ಪು ಹಸು, ಬಿಳಿ ಹಸು ಎಷ್ಟಿದ್ದರೂ ಬಾಲದಲ್ಲಿ ‘ನ್’ ಇಲ್ಲ.

ಚಿನ್ನದ, ಬೆಳ್ಳಿಯ, ಮರದ ಎಂದು ಮಾಡಿದ ವಸ್ತುವನ್ನು ಹೇಳುವ ಪದಗಳು ಮೊದಲೇ ‘ಎನ್’ನಲ್ಲಿ ಮುಗಿಯುತ್ತವೆ, ಅವಕ್ಕೆ ಏನೂ ಸೇರದು. ‘ದೆ ಜಿಲ್ವೆರೆನ್ ರಿಂಗ್ ಎನ್ ದೆ ಖೌದೆನ್’: ಬೆಳ್ಳಿಯ ಉಂಗುರ ಮತ್ತು ಚಿನ್ನದ್ದು.

ಮನುಷ್ಯರಾದರೆ

ಇದು ಅಧ್ಯಾಯದ ಹೃದಯ, ಇಲ್ಲಿ ನಿಧಾನಿಸಿ. ಮನುಷ್ಯರನ್ನು ಗುಣದಿಂದಲೇ ಕರೆಯುವಾಗ ಹಿಂದೆ ಯಾವ ನಾಮಪದವೂ ಅಡಗಿರಬೇಕಿಲ್ಲ. ಏಕವಚನಕ್ಕೆ ‘ಎ’, ಬಹುವಚನಕ್ಕೆ ‘ಎನ್’.

ಜೀಕ್ ಅಂದರೆ ಕಾಯಿಲೆಯಾದ. ‘ದೆ ಜೀಕೆ’ ಆ ರೋಗಿ, ‘ಅನ್ ಜೀಕೆ’ ಒಬ್ಬ ರೋಗಿ, ‘ದೆ ಜೀಕೆನ್’ ರೋಗಿಗಳು. ಹೀಗೇ ‘ಬ್ಲಿಂದೆ, ಬ್ಲಿಂದೆನ್’ ಕುರುಡರು. ‘ದೋವೆ, ದೋವೆನ್’ ಕಿವುಡರು. ‘ರೆಯ್ಕೆ, ರೆಯ್ಕೆನ್’ ಸಿರಿವಂತರು. ‘ಆರ್ಮೆ, ಆರ್ಮೆನ್’ ಬಡವರು. ‘ದೋದೆ, ದೋದೆನ್’ ಸತ್ತವರು. ‘ಖೆವೊಂದೆ, ಖೆವೊಂದೆನ್’ ಗಾಯಗೊಂಡವರು. ‘ವೆರ್ಕ್‌ಲೋಜೆ, ವೆರ್ಕ್‌ಲೋಜೆನ್’ ಕೆಲಸವಿಲ್ಲದವರು. ‘ಬೆಕೆಂದೆ’ ಪರಿಚಯದವರು, ‘ಒನ್‌ಬೆಕೆಂದೆ’ ಅಪರಿಚಿತರು.

ಗಂಡೋ ಹೆಣ್ಣೋ ಎಂದು ಬಾಲ ಹೇಳುವುದಿಲ್ಲ. ಕಾಯಿಲೆಯವನೂ ‘ದೆ ಜೀಕೆ’, ಕಾಯಿಲೆಯವಳೂ ‘ದೆ ಜೀಕೆ’. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವವರು ಇಲ್ಲಿ ಒಂದು ಮಾತು ನೆನಪಿಡಬೇಕು. ತೆಲುಗಿನಲ್ಲಿ ‘ಪೆದ್ದದಿ’ ಹೆಂಗಸಿಗೂ ಆಗುತ್ತದೆ, ವಸ್ತುವಿಗೂ ಆಗುತ್ತದೆ. ಡಚ್‌ನಲ್ಲಿ ಹಾಗೆ ಹೆಂಗಸನ್ನು ‘ಹೆತ್’ ಕಡೆಗೆ ತಳ್ಳುವಂತಿಲ್ಲ, ವ್ಯಕ್ತಿಯಾದರೆ ‘ದೆ’. ಅಡಗಿರುವ ಪದವೇ ಹೆತ್ ಗುಂಪಿನದಾದರೆ ಮಾತ್ರ ಬೇರೆ. ‘ಹೆತ್ ಕಿಂತ್’ ಮಗು, ಆದ್ದರಿಂದ ‘ಹೆತ್ ಖೆಜೊಂದೆ ಕಿಂತ್ ಸ್ಪೇಲ್ತ್, ಹೆತ್ ಜೀಕೆ ಸ್ಲಾಪ್ತ್’: ಆರೋಗ್ಯವಾಗಿರುವ ಮಗು ಆಡುತ್ತಿದೆ, ಕಾಯಿಲೆಯದು ಮಲಗಿದೆ.

ಈಗ ‘ನ್’ ಎಲ್ಲಿ ಬರಬೇಕು ಎಂಬ ಪ್ರಶ್ನೆ. ಡಚ್ಚರೇ ಬರೆಯುವಾಗ ತಡವರಿಸುವ ಜಾಗ ಇದು. ಕನ್ನಡದವರಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಬಿಡಬೇಡಿ. ಮನಸ್ಸಿನಲ್ಲಿ ಕನ್ನಡದ ಬಹುವಚನ ಹೇಳಿಕೊಳ್ಳಿ. ‘ವರು’ ಬಂದರೆ ‘ನ್’ ಹಾಕಿ. ‘ವು’ ಬಂದರೆ ಹಾಕಬೇಡಿ. ದೊಡ್ಡವರು, ಸತ್ತವರು, ಬಡವರು: ನ್ ಇದೆ. ದೊಡ್ಡವು, ಕೆಂಪಿನವು, ಹಣ್ಣಾದವು: ನ್ ಇಲ್ಲ. ತೆಲುಗಿನ ‘ವಾಳ್ಳು’ ಮತ್ತು ‘ವಿ’ ಕೂಡ ಹೀಗೇ ಕೆಲಸ ಮಾಡುತ್ತವೆ. ಇಂಗ್ಲಿಷ್ ಈ ಭೇದವನ್ನು ಮಾಡುವುದೇ ಇಲ್ಲವಾದ್ದರಿಂದ ಇಂಗ್ಲಿಷಿನಿಂದ ಹೋದವರಿಗೆ ಇದು ಬರೀ ಬಾಯಿಪಾಠದ ನಿಯಮವಾಗಿ ಉಳಿಯುತ್ತದೆ.

ಈ ಸೂತ್ರ ಎರಡು ಕಡೆ ಕೈಕೊಡುತ್ತದೆ.

ಒಂದು, ಗೌರವದ ಬಹುವಚನ. ‘ಮೃತರು ಮುಳಬಾಗಿಲಿನವರು’ ಎಂದು ಪತ್ರಿಕೆಯಲ್ಲಿ ಓದಿದರೆ ಸತ್ತವರು ಒಬ್ಬರೋ ಹಲವರೋ ಎಂದು ಮುಂದಿನ ಸಾಲು ನೋಡಿ ತಿಳಿಯಬೇಕು. ‘ಮನೆಯಲ್ಲಿ ವಯಸ್ಸಾದವರಿದ್ದಾರೆ’ ಎಂದಾಗಲೂ ಹಾಗೇ. ಡಚ್‌ಗೆ ಈ ಗೌರವ ತಿಳಿಯದು. ಒಬ್ಬರಾದರೆ ‘ದೆ ಓವೆರ್ಲೇದೆನೆ’, ಎಷ್ಟೇ ಹಿರಿಯರಾದರೂ ಸರಿ. ‘ನ್’ ಹಾಕಿದ ತಕ್ಷಣ ಹೆಣಗಳ ಸಂಖ್ಯೆ ಹೆಚ್ಚುತ್ತದೆ. ಆಸ್ಪತ್ರೆಯ ವರದಿ, ಪೊಲೀಸರ ಮುಂದೆ ಕೊಡುವ ಹೇಳಿಕೆಯಲ್ಲಿ ಇದು ಸಣ್ಣ ತಪ್ಪಲ್ಲ. ಆದ್ದರಿಂದ ‘ವರು’ ಬಂದ ಮೇಲೆ ತಲೆ ಎಣಿಸಿ, ನಂತರ ಬರೆಯಿರಿ.

ಎರಡು, ನಾಮಪದ ಹತ್ತಿರದಲ್ಲೇ ಇದ್ದರೆ. ಮನುಷ್ಯರ ಮಾತೇ ಆದರೂ, ಯಾರು ಎಂಬ ನಾಮಪದ ಅದೇ ವಾಕ್ಯದಲ್ಲೋ ನೇರ ಹಿಂದಿನ ವಾಕ್ಯದಲ್ಲೋ ಇದ್ದು ಅದನ್ನು ತಂದು ಕೂಡಿಸಿ ಓದಲು ಬರುವಂತಿದ್ದರೆ ‘ನ್’ ಬೇಡ. ‘ದೆ ಖ್ರೋತೆ ಕಿಂದೆರೆನ್ ಲೇಜೆನ್, ದೆ ಕ್ಲೆಯ್ನೆ ಸ್ಲಾಪೆನ್.’ ದೊಡ್ಡ ಮಕ್ಕಳು ಓದುತ್ತಿದ್ದಾರೆ, ಚಿಕ್ಕವರು ಮಲಗಿದ್ದಾರೆ. ಕನ್ನಡದಲ್ಲಿ ಚಿಕ್ಕವರು ಎಂದೇ ಬಂದರೂ ಡಚ್‌ನಲ್ಲಿ ‘ಕ್ಲೆಯ್ನೆ’, ಏಕೆಂದರೆ ‘ಕಿಂದೆರೆನ್’ ಎದುರಿಗೇ ಇದೆ. ‘ಕೆಲವರು, ಬೇರೆಯವರು, ಹಲವರು, ಇಬ್ಬರೂ, ಎಲ್ಲರೂ’ ಎಂಬ ಪದಗಳಿಗೂ ಇದೇ ಲೆಕ್ಕ. ‘ಸೊಮ್ಮಿಖೆನ್ ಸ್ಲಾಪೆನ್, ಆಂದೆರೆನ್ ಲೇಜೆನ್’: ಕೆಲವರು ಮಲಗಿದ್ದಾರೆ, ಬೇರೆಯವರು ಓದುತ್ತಿದ್ದಾರೆ, ಎರಡಕ್ಕೂ ನ್. ‘ಸೊಮ್ಮಿಖೆ ಕಿಂದೆರೆನ್ ಸ್ಲಾಪೆನ್, ಆಂದೆರೆ ಲೇಜೆನ್’: ಎರಡಕ್ಕೂ ಇಲ್ಲ. ‘ಫೇಲೆನ್’ ಹಲವರು, ‘ಬೆಯ್ದೆನ್’ ಇಬ್ಬರೂ, ‘ಆಲ್ಲೆನ್’ ಎಲ್ಲರೂ ಕೂಡ ಮನುಷ್ಯರಾಗಿ ಒಂಟಿಯಾಗಿ ನಿಂತಾಗ ಮಾತ್ರ ನ್ ಪಡೆಯುತ್ತವೆ.

ಕಿವಿಯನ್ನು ನಂಬಿ ಬರೆಯಲು ಹೋಗಬೇಡಿ. ನೆದರ್ಲೆಂಡ್ಸ್‌ನ ಪಶ್ಚಿಮ ಭಾಗದ ಮಾತಿನಲ್ಲಿ ಕೊನೆಯ ಈ ‘ನ್’ ಸಾಮಾನ್ಯವಾಗಿ ಬಾಯಿಂದ ಹೊರಡುವುದೇ ಇಲ್ಲ. ‘ದೆ ಜೀಕೆ’, ‘ದೆ ಜೀಕೆನ್’ ಎರಡೂ ಒಂದೇ ಥರ ಕೇಳಿಸುತ್ತವೆ. ಕೇಳಿಸಿಕೊಂಡು ಬರೆಯುವಾಗ ನಾಮಪದದ ಮೇಲಿಂದ ಗಮನ ತೆಗೆದು ಕ್ರಿಯಾಪದದ ಮೇಲಿಡಿ. ‘ಸ್ಲಾಪ್ತ್’ ಎಂದು ಕೊನೆಗೆ ತ್ ಬಿದ್ದರೆ ಒಬ್ಬ, ‘ದೆ ಜೀಕೆ ಸ್ಲಾಪ್ತ್’. ‘ಸ್ಲಾಪೆನ್’ (ಕೇಳಿಸುವುದು ಸ್ಲಾಪೆ) ಆದರೆ ಹಲವರು, ‘ದೆ ಜೀಕೆನ್ ಸ್ಲಾಪೆನ್’.

ನರ್ಸಿಂಗ್ ಓದಿ ಆ ಕಡೆ ಹೊರಟವರಿಗೆ ಈ ಪದಗಳು ದಿನಬಳಕೆಯವು. ಆಸ್ಪತ್ರೆಗೆ ‘ಜೀಕೆನ್‌ಹಾಯ್ಸ್’ ಎನ್ನುತ್ತಾರೆ, ಜೀಕೆನ್ ಅಂದರೆ ರೋಗಿಗಳು, ಹಾಯ್ಸ್ ಅಂದರೆ ಮನೆ. ವಯಸ್ಸಾದವರ ಆರೈಕೆ ‘ಔದೆರೆನ್‌ಜೊರ್ಖ್’. ಹೀಗೆ ಸಮಾಸದೊಳಗೆ ಸೇರಿದ ‘ನ್’ ಬರಹದಲ್ಲಿ ಅಲ್ಲೇ ಕೂತಿರುತ್ತದೆ, ತೆಗೆಯುವಂತಿಲ್ಲ. ತೀವ್ರವಾಗಿ ಗಾಯಗೊಂಡವರು ‘ಜ್ವಾರ್‌ಖೆವೊಂದೆನ್’, ಸಣ್ಣಪುಟ್ಟ ಗಾಯದವರು ‘ಲಿಖ್ತ್‌ಖೆವೊಂದೆನ್’, ಎರಡೂ ಒಂದೇ ಪದವಾಗಿ ಬರೆಯುವಂಥವು. ‘ಕಾಯಿಲೆ ಉಲ್ಬಣಿಸಿದವರು’ ಎನ್ನಲು ‘ದೆ ಎರ್ನ್‌ಸ್ತಿಖ್ ಜೀಕೆನ್’. ‘ಎರ್ನ್‌ಸ್ತಿಖ್’ ಇಲ್ಲಿ ‘ತೀವ್ರವಾಗಿ’ ಎಂಬ ಕ್ರಿಯಾವಿಶೇಷಣ, ಅದಕ್ಕೆ ‘ಎ’ ಹಚ್ಚಬಾರದು. ಹಚ್ಚಿದರೆ ಅರ್ಥ ‘ಗಂಭೀರ ಸ್ವಭಾವದ ರೋಗಿಗಳು’ ಎನ್ನುವ ಕಡೆ ವಾಲುತ್ತದೆ.

‘ಹೆಚ್ಚು’, ‘ಎಲ್ಲಕ್ಕಿಂತ’ ಎಂಬ ಹೋಲಿಕೆಯ ರೂಪಗಳೂ ಹೀಗೇ ನಾಮಪದವಾಗುತ್ತವೆ. ‘ಔದೆರೆನ್’ ಹಿರಿಯ ನಾಗರಿಕರು, ‘ಯೊಂಗೆರೆನ್’ ಯುವಜನರು. ಸರ್ಕಾರಿ ಪ್ರಕಟಣೆಗಳಲ್ಲಿ ಎರಡೂ ಪದೇಪದೇ ಕಾಣುತ್ತವೆ. ‘ಮೆಯ್ನ್ ಔತ್‌ಸ್ತೆ’ ಎಂದರೆ ನಮ್ಮ ದೊಡ್ಡ ಮಗ ಅಥವಾ ಮಗಳು, ‘ಮೆಯ್ನ್ ಯೊಂಗ್‌ಸ್ತೆ’ ಕಿರಿಯದು. ‘ನಮ್ಮ ದೊಡ್ಡೋನು ಬೆಂಗ್ಳೂರಲ್ಲವ್ನೆ’ ಎನ್ನುವಾಗ ಮಗ ಎಂಬ ಪದ ಹೇಗೆ ಬೇಕಾಗುವುದಿಲ್ಲವೋ ಅಲ್ಲೂ ಬೇಕಾಗುವುದಿಲ್ಲ.

‘ಎನ್’ನಲ್ಲಿ ಮುಗಿಯುವ ಕೃದಂತಗಳು

ಕ್ರಿಯಾಪದದಿಂದ ಹುಟ್ಟಿದ ಕೆಲವು ಗುಣವಾಚಕಗಳು ‘ಎನ್’ನಲ್ಲೇ ಮುಗಿಯುತ್ತವೆ: ಖೆಫಾಂಗೆನ್ (ಸೆರೆಸಿಕ್ಕ), ಓವೆರ್ಲೇದೆನ್ (ತೀರಿಕೊಂಡ), ಬೆತ್ರೊಕ್ಕೆನ್ (ಸಂಬಂಧಪಟ್ಟ), ಫೊಲ್ವಾಸ್ಸೆನ್ (ಪ್ರಾಯಕ್ಕೆ ಬಂದ). ನಾಮಪದಕ್ಕೆ ಮೊದಲು ನಿಂತಾಗ ಇವು ಬಾಲವನ್ನೇ ಪಡೆಯವು, ‘ದೆ ಖೆಫಾಂಗೆನ್ ಸೊಲ್ದಾತ್’ ಸೆರೆಸಿಕ್ಕ ಸೈನಿಕ. ಆದರೆ ತಾವೇ ಮನುಷ್ಯರನ್ನು ಸೂಚಿಸುವ ನಾಮಪದವಾದಾಗ ಇನ್ನೊಂದು ‘ಎ’ ಸೇರುತ್ತದೆ: ದೆ ಖೆಫಾಂಗೆನೆ ಕೈದಿ, ದೆ ಓವೆರ್ಲೇದೆನೆ ಮೃತರು, ದೆ ಬೆತ್ರೊಕ್ಕೆನೆ ಸಂಬಂಧಪಟ್ಟವರು, ಅನ್ ಫೊಲ್ವಾಸ್ಸೆನೆ ಒಬ್ಬ ವಯಸ್ಕ. ಬಹುವಚನಕ್ಕೆ ಅದರ ಮೇಲೆ ‘ನ್’: ಫೊಲ್ವಾಸ್ಸೆನೆನ್. ಬಸ್ ಟಿಕೆಟ್, ಮ್ಯೂಸಿಯಂ ಟಿಕೆಟ್, ಔಷಧಿಯ ಚೀಟಿಯಲ್ಲಿ ‘ಫೊಲ್ವಾಸ್ಸೆನೆನ್’ ಎಂದು ಕಾಣುವುದು ಇದೇ. ಎರಡು ‘ಎನ್’ ಕಂಡು ಅಚ್ಚಿನ ತಪ್ಪು ಎಂದುಕೊಳ್ಳುವವರಿದ್ದಾರೆ. ಮೊದಲನೆಯದು ಮೂಲದ್ದು, ಎರಡನೆಯದು ಬಾಲದ್ದು.

‘-ತ್ತಿರುವವರು’ ಎಂಬ ಕನ್ನಡದ ರೂಪಕ್ಕೆ ‘ಎಂದೆ’ ಇರುವ ರೂಪ: ‘ದೆ ವಾಖ್ತೆಂದೆನ್’ ಕಾಯುತ್ತಿರುವವರು, ‘ದೆ ವೆರ್ಕೆಂದೆನ್’ ದುಡಿಯುವವರು.

ಎಲ್ಲ ಗುಣವಾಚಕವೂ ಈ ಸಾಲಿಗೆ ತಲೆಬಾಗುವುದಿಲ್ಲ. ‘ಖೆಕ್’ ಅಂದರೆ ಹುಚ್ಚು. ಹುಚ್ಚನಿಗೆ ‘ಅನ್ ಖೆಕ್’, ಬಾಲವಿಲ್ಲ, ಹಲವರಾದರೆ ‘ಖೆಕ್ಕೆನ್’. ಇಂಥವು ಬೆರಳೆಣಿಕೆ, ಕಂಡಾಗ ಕಲಿತರೆ ಸಾಕು.

ಭಾವ, ಬಣ್ಣ

‘ಒಳ್ಳೆಯದು, ಕೆಟ್ಟದ್ದು’ ಎಂದು ವಸ್ತುವೂ ಅಲ್ಲದ, ವ್ಯಕ್ತಿಯೂ ಅಲ್ಲದ ಭಾವಕ್ಕೆ ‘ಹೆತ್’ ಮತ್ತು ‘ಎ’. ಹೆತ್ ಖೂದೆ ಒಳ್ಳೆಯದು, ಹೆತ್ ಕ್ವಾದೆ ಕೆಟ್ಟದ್ದು, ಹೆತ್ ಒನ್‌ಬೆಕೆಂದೆ ಗೊತ್ತಿಲ್ಲದ್ದು. ಇದಕ್ಕೆ ಬಹುವಚನವಿಲ್ಲ. ‘ದೆ ಒನ್‌ಬೆಕೆಂದೆ’ಗೂ ‘ಹೆತ್ ಒನ್‌ಬೆಕೆಂದೆ’ಗೂ ನಡುವಿನ ದೂರವನ್ನು ನೋಡಿ: ಮೊದಲನೆಯದು ಬಾಗಿಲಲ್ಲಿ ನಿಂತ ಅಪರಿಚಿತ, ಎರಡನೆಯದು ತಿಳಿಯದ ಲೋಕ.

ಮಾತಿನಲ್ಲಿ ತುಂಬ ಕೆಲಸಕ್ಕೆ ಬರುವುದು ವಾಕ್ಯ ಶುರುಮಾಡುವ ರೂಪ. ‘ಹೆತ್ ಮೋಯೆ ಇಸ್ ದಾತ್...’ ಚೆಂದದ ವಿಷಯ ಏನೆಂದರೆ. ‘ಹೆತ್ ಖೆಕ್ಕೆ ಇಸ್ ದಾತ್...’ ವಿಚಿತ್ರ ಏನಪ್ಪಾ ಅಂದ್ರೆ. ‘ಹೆತ್ ಬೆಲಾಂಗ್ರೆಯ್ಕ್‌ಸ್ತೆ ಇಸ್ ದಾತ್...’ ಎಲ್ಲಕ್ಕಿಂತ ಮುಖ್ಯವಾದದ್ದು ಏನೆಂದರೆ. ‘ದಾತ್’ ಬಂದ ಮೇಲೆ ಆ ಉಪವಾಕ್ಯದ ಕ್ರಿಯಾಪದ ಕೊನೆಗೆ ಹೋಗುತ್ತದೆ, ಕನ್ನಡದ ವಾಕ್ಯದಂತೆ. ಮೌಖಿಕ ಪರೀಕ್ಷೆಗೆ ಹೋಗುವವರು ಈ ಮೂರನ್ನು ಬಾಯಿಪಾಠ ಮಾಡಿಕೊಂಡರೆ ಯೋಚಿಸಲು ಎರಡು ಕ್ಷಣ ಸಿಗುತ್ತದೆ.

ಬಣ್ಣದ ಹೆಸರೇ ನಾಮಪದವಾದರೆ ಬಾಲವಿಲ್ಲ. ‘ಹೆತ್ ಖ್ರೂನ್’ ಎಂದರೆ ಹಸಿರು ಬಣ್ಣ, ಗಿಡಮರಗಳ ಹಸಿರು. ‘ಹೆತ್ ಖ್ರೂನೆ’ ಎಂದರೆ ಹೆತ್ ಗುಂಪಿನ ಯಾವುದೋ ಹಸಿರು ವಸ್ತು, ಪುಸ್ತಕವಿರಬಹುದು. ‘ದೆ ಖ್ರೂನೆ’ ಹಸಿರು ಟೊಮ್ಯಾಟೊ. ‘ದೆ ಖ್ರೂನೆನ್’ ಎಂದು ನ್ ಬಂದರೆ ಮನುಷ್ಯರು, ಅಂದರೆ ಪರಿಸರವಾದಿ ಪಕ್ಷದವರು. ಒಂದು ಅಕ್ಷರದ ಹೆಚ್ಚುಕಡಿಮೆಗೆ ನಾಲ್ಕು ಅರ್ಥ.

‘ಇನ್ ಹೆತ್’ ಜೊತೆ ಗಟ್ಟಿಯಾಗಿ ಅಂಟಿಕೊಂಡ ಕೆಲವು ಮಾತುಗಳಿಗೂ ಬಾಲವಿಲ್ಲ: ‘ಇನ್ ಹೆತ್ ಆಲ್ಖೆಮೇನ್’ ಸಾಮಾನ್ಯವಾಗಿ, ‘ಇನ್ ಹೆತ್ ಬಿಜೊಂದೆರ್’ ವಿಶೇಷವಾಗಿ, ‘ಇನ್ ಹೆತ್ ದೊಂಕೆರ್’ ಕತ್ತಲಲ್ಲಿ, ‘ಇನ್ ಹೆತ್ ವಿತ್’ ಬಿಳಿ ಬಟ್ಟೆಯಲ್ಲಿ.

ಏನಾದರೂ ಬಿಸಿಯದು

‘ಏನಾದರೂ, ಏನೂ ಇಲ್ಲ, ಸ್ವಲ್ಪ, ಬಹಳ’ ಎಂಬ ಪದಗಳ ನಂತರ ಗುಣವಾಚಕಕ್ಕೆ ‘ಎ’ ಅಲ್ಲ, ‘ಸ್’ ಸೇರುತ್ತದೆ. ಈತ್ಸ್ ಅಂದರೆ ಏನಾದರೂ, ನೀತ್ಸ್ ಏನೂ ಇಲ್ಲ, ವಾತ್ ಸ್ವಲ್ಪ ಏನೋ, ಫೇಲ್ ಬಹಳ, ವೆಯ್ನಿಖ್ ಕಡಿಮೆ.

ಈತ್ಸ್ ವಾರ್ಮ್ಸ್: ಏನಾದರೂ ಬಿಸಿಯದು. ಈತ್ಸ್ ಕೌತ್ಸ್: ತಣ್ಣನೆಯದು. ವಾತ್ ಲೆಕ್ಕೆರ್ಸ್: ರುಚಿಯಾದದ್ದೇನಾದರೂ. ಈತ್ಸ್ ಜೂತ್ಸ್: ಸಿಹಿ. ಫೇಲ್ ಖೂತ್ಸ್: ಬಹಳ ಒಳಿತು. ವೆಯ್ನಿಖ್ ಬಿಜೊಂದೆರ್ಸ್: ಅಂಥ ವಿಶೇಷವೇನಿಲ್ಲ. ಈತ್ಸ್ ಆಂದೆರ್ಸ್: ಬೇರೆ ಏನಾದರೂ.

ಕನ್ನಡದಲ್ಲಿ ‘ಏನಾದ್ರೂ ಬಿಸಿ ಬಿಸಿ ಕೊಡಿ’ ಎಂದು ಬಾಲವಿಲ್ಲದೆ ಹೇಳಿ ಮುಗಿಸುತ್ತೇವೆ. ಆ ಅಭ್ಯಾಸಬಲದಿಂದ ‘ಈತ್ಸ್ ವಾರ್ಮ್’ ಎಂದು ‘ಸ್’ ಬಿಟ್ಟುಹೋಗುತ್ತದೆ. ಈ ‘ಸ್’ ಹಳೆಯ ಷಷ್ಠಿ ವಿಭಕ್ತಿಯ ಉಳಿಕೆ. ‘ಬಿಸಿಯದರಲ್ಲಿ ಏನಾದರೂ’ ಎಂದು ಮನಸ್ಸಿನಲ್ಲಿ ಬಿಡಿಸಿಕೊಂಡರೆ ಮರೆಯುವುದಿಲ್ಲ. ನಡುವೆ ‘ತುಂಬ’ ಎಂಬ ಪದ ಬಂದರೂ ಸ್ ಗುಣವಾಚಕಕ್ಕೇ: ‘ಈತ್ಸ್ ಹೇಲ್ ಮೋಯ್ಸ್’. ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ್ದು ಕೇಳಬೇಕಾದರೆ ‘ಈತ್ಸ್ ಖೂತ್‌ಕೋಪೆರ್ಸ್’, ಇದಕ್ಕಿಂತ ಒಳ್ಳೆಯದು ‘ಈತ್ಸ್ ಬೇತೆರ್ಸ್’. ಅಂದರೆ ಹೋಲಿ‌ಕೆಯ ರೂಪಕ್ಕೂ ಸ್ ಬೇಕು.

ಬರಹದಲ್ಲಿ ‘ಎ’ ಮತ್ತು ‘ಸ್’ ಬಾಲಗಳ ವರ್ತನೆ ಬೇರೆ. ‘ಎ’ ಸೇರಿದಾಗ ಓ ಒಂದಾಗುತ್ತದೆ, ಫ್ ವ್ ಆಗುತ್ತದೆ. ‘ಸ್’ ಸೇರಿದಾಗ ಮೂಲಪದ ಅಲುಗಾಡುವುದಿಲ್ಲ. ‘ಲೀಫ್’ (ಪ್ರೀತಿಯ) ‘ಲೀವೆ’ ಆದರೂ, ‘ಈತ್ಸ್ ಲೀಫ್ಸ್’. ‘ಖ್ರೋತ್’ನಲ್ಲಿ ಎರಡು ಓ, ‘ಖ್ರೋತೆ’ಯಲ್ಲಿ ಒಂದು, ‘ಈತ್ಸ್ ಖ್ರೋತ್ಸ್’ನಲ್ಲಿ ಮತ್ತೆ ಎರಡು. ಮೊದಲೇ ಸ್ ಸದ್ದಿನಲ್ಲಿ ಮುಗಿಯುವ ಪದಕ್ಕೆ ಇನ್ನೊಂದು ಸ್ ಬೇಡ: ಈತ್ಸ್ ಫ್ರಿಸ್ (ತಂಪಿನದು), ಈತ್ಸ್ ಫೆರ್ಸ್ (ತಾಜಾ).

ಒಂದು ಗೊಂದಲ ತಪ್ಪಿಸಿಕೊಳ್ಳಿ. ‘ನೀವ್ಸ್’ ಎಂಬುದು ಸುದ್ದಿ ಎಂಬ ಸ್ವತಂತ್ರ ನಾಮಪದವೂ ಹೌದು. ‘ನೀತ್ಸ್ ನೀವ್ಸ್’ ಅಂದರೆ ಹೊಸದೇನೂ ಇಲ್ಲ. ‘ಖೇನ್ ನೀವ್ಸ್’ ಅಂದರೆ ಸುದ್ದಿ ಬಂದಿಲ್ಲ. ವೀಸಾ ಕಚೇರಿಯಿಂದ ಉತ್ತರ ಬಂತಾ ಎಂದು ಯಾರಾದರೂ ಕೇಳಿದರೆ ಹೇಳಬೇಕಾದ್ದು ಎರಡನೆಯದು.

ದೇಶದವರು

ಗಂಡು ಹೆಣ್ಣು ಭೇದ ಇಲ್ಲ ಎಂದ ನಿಯಮ ಇಲ್ಲಿ ಮುರಿಯುತ್ತದೆ. ದೇಶದ ಹೆಸರಿನ ಗುಣವಾಚಕಕ್ಕೆ ‘ಎ’ ಹಚ್ಚಿ ಒಬ್ಬರನ್ನು ಕರೆದರೆ ಅದು ಹೆಂಗಸು. ‘ಅನ್ ನೇದೆರ್ಲಾಂತ್ಸೆ’ ಒಬ್ಬ ಡಚ್ ಮಹಿಳೆ. ಗಂಡಸಿಗೆ ‘ಅನ್ ನೇದೆರ್ಲಾಂದೆರ್’ ಎಂಬ ಬೇರೆಯೇ ನಾಮಪದ. ಭಾರತೀಯ ಮಹಿಳೆ ‘ಅನ್ ಇಂದಿಯಾಸೆ’, ಭಾರತೀಯ ‘ಅನ್ ಇಂದಿಯೆರ್’. ಕೋಲಾರದ ಹುಡುಗ ತನ್ನನ್ನು ‘ಇಂದಿಯಾಸೆ’ ಎಂದು ಪರಿಚಯಿಸಿಕೊಂಡರೆ ಹುಡುಗಿ ಎಂದಂತೆ.

ಪಕ್ಕದಲ್ಲೇ ಇನ್ನೆರಡು ಪದಗಳಿವೆ, ಎರಡೂ ನಮ್ಮವಲ್ಲ. ‘ಇಂದಿಸ್’ ಎಂಬುದು ಹಳೆಯ ಡಚ್ ಈಸ್ಟ್ ಇಂಡೀಸಿಗೆ, ಈಗಿನ ಇಂಡೋನೇಷ್ಯಾಕ್ಕೆ ಸಂಬಂಧಪಟ್ಟದ್ದು. ‘ಇಂದಿಸ್’ ಹೋಟೆಲಿಗೆ ಹೋಗಿ ಅನ್ನ ಸಾರು ಹುಡುಕಬೇಡಿ. ‘ಇಂದಿಯಾನ್’ ಎಂದರೆ ಅಮೆರಿಕದ ಮೂಲನಿವಾಸಿ. ಇಂಗ್ಲಿಷಿನ ‘ಇಂಡಿಯನ್’ ಕಿವಿಯಲ್ಲಿರುವುದರಿಂದ ಬಾಯಿ ಅದರ ಕಡೆಗೇ ಹೋಗುತ್ತದೆ. ನಮಗೆ ಬೇಕಾದ ಗುಣವಾಚಕ ‘ಇಂದಿಯಾಸ್’ ಮಾತ್ರ.

ಅಭ್ಯಾಸದ ಕ್ರಮ

ಅಡ್ಡಕ್ಕೆ ಹಿಡಿದ ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ. ತಲೆಬರಹ ಕನ್ನಡದಲ್ಲೇ ಇರಲಿ: ಒಬ್ಬರು, ವರು, ದು ಅಥವಾ ವು, ಭಾವ, ಏನಾದರೂ. ದಿನಕ್ಕೆ ಐದು ಗುಣವಾಚಕ ತೆಗೆದುಕೊಂಡು ಅಡ್ಡಸಾಲು ತುಂಬಿಸಿ. ‘ಔತ್’ (ಹಳೆಯ, ವಯಸ್ಸಾದ) ಆದರೆ ಸಾಲು ಹೀಗೆ: ದೆ ಔದೆ, ದೆ ಔದೆನ್, ದೆ ಔದೆ, ಹೆತ್ ಔದೆ, ಈತ್ಸ್ ಔತ್ಸ್. ಮೂರನೆಯ ಕಾಲಂನಲ್ಲಿ ಅಡಗಿಸಿಟ್ಟ ನಾಮಪದವನ್ನು ಚಿಕ್ಕದಾಗಿ ಪೆನ್ಸಿಲಿನಲ್ಲಿ ಮೇಲೆ ಬರೆಯಿರಿ, ಇಲ್ಲದಿದ್ದರೆ ದೆ ಏಕೆ, ಹೆತ್ ಏಕೆ ಎಂಬುದು ವಾರದಲ್ಲಿ ಮರೆತುಹೋಗುತ್ತದೆ. ಎಲ್ಲ ಪದಕ್ಕೂ ಐದೂ ಕಾಲಂ ತುಂಬುವುದಿಲ್ಲ. ‘ರೆಯ್ಪ್’ (ಹಣ್ಣಾದ) ಎಂಬುದಕ್ಕೆ ಮನುಷ್ಯರ ಕಾಲಂನಲ್ಲಿ ಬರೆಯುವಂಥದ್ದೇನಿಲ್ಲ, ಗೆರೆ ಎಳೆದು ಮುಂದೆ ಹೋಗಿ. ‘ವೆರ್ಕ್‌ಲೋಸ್’ಗೆ ವಸ್ತುವಿನ ಕಾಲಂ ಖಾಲಿ.

ಹಾಳೆ ತುಂಬಿದ ಮೇಲೆ ಪ್ರತಿ ಕಾಲಂನಿಂದ ಒಂದೊಂದು ಪದಕ್ಕೆ ವಾಕ್ಯ ಬರೆಯಿರಿ. ಎರಡನೆಯ ಕಾಲಂನ ವಾಕ್ಯವನ್ನು ಎರಡು ಸಲ ಬರೆಯಬೇಕು: ಒಮ್ಮೆ ಒಂಟಿಯಾಗಿ ನ್ ಸಹಿತ, ಇನ್ನೊಮ್ಮೆ ಪಕ್ಕದಲ್ಲೇ ನಾಮಪದ ಇಟ್ಟು ನ್ ಇಲ್ಲದೆ. ಮನುಷ್ಯರ ಕಾಲಂನ ರೂಪಗಳನ್ನು ತಾಲ್‌ಯೂನಿ ಎಂಬ ಸಂಸ್ಥೆಯ ಅಧಿಕೃತ ಪದಪಟ್ಟಿಯಲ್ಲಿ ಹುಡುಕಿ ನೋಡಿ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಡಚ್ ಭಾಗ ಸೇರಿ 1980ರಲ್ಲಿ ಕಟ್ಟಿದ ಸಂಸ್ಥೆ ಅದು, ಪಟ್ಟಿಯನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಬಹುದು. ‘ಜೀಕೆ’, ‘ಫೊಲ್ವಾಸ್ಸೆನೆ’ ಥರ ನಾಮಪದವಾಗಿ ನೆಲೆನಿಂತವು ಅಲ್ಲಿ ತಮ್ಮದೇ ನಮೂದಾಗಿ ಬಹುವಚನದ ಸಮೇತ ಸಿಗುತ್ತವೆ. ಅಲ್ಲಿ ನಾಮಪದವಾಗಿ ಸಿಗದ ರೂಪ ತಪ್ಪೇ ಆಗಬೇಕಿಲ್ಲ, ಆದರೆ ಪರೀಕ್ಷೆಯ ಉತ್ತರದಲ್ಲಿ ಅದನ್ನು ಒಂಟಿಯಾಗಿ ನಿಲ್ಲಿಸುವ ಬದಲು ‘ಮೆನ್ಸೆನ್’ (ಜನ) ಸೇರಿಸಿ ಬರೆಯುವುದು ಕ್ಷೇಮ: ‘ದೆ ಮೋಯೆ ಮೆನ್ಸೆನ್’.